ಎಮ್ಮೆ ಮಾರಿ ತಂದ ಗಾಳಿ

"ಬಾವಿಗಿಳಿದ್ರೆ ಗುಂಡುಕಲ್ಲಿನಂಗೆ ಮುಳುಗ್ತೀಯ ಕಣಮ್ಮಿ. ನಿನ್ ಕೈಲಾಗಲ್ಲ." ಹೀಗೆಂದವನು ನನ್ನ ಸ್ವಂತ ಅಣ್ಣ. ಯಾರಾದರೂ ಆಗಲ್ಲ ಎಂದಾಗಲೆಲ್ಲ ನಾನು ಹೊರಡುತ್ತೇನೆ, ಹೊರಟಾಗಲೆಲ್ಲ ಏನಾದರೊಂದು ತಮಾಷೆ ನಡೆಯುತ್ತದೆ. ನನ್ನ ಬದುಕೇ ಹಾಗೆ.

ತಮಿಳುನಾಡಿನ ಗಡಿಯೊಳಗೆ, ಕೆಲಮಂಗಲದ ಹತ್ತಿರ ನಮ್ಮೂರು. ಬಾವಿಗೆ ಬಿದ್ದ ಕೊಡ, ಬಕೆಟ್ಟು ಎತ್ತುವ ಕೊಕ್ಕೆಗಳ ಗೊಂಚಲು, ಪಾತಾಳಗರಡಿ, ಊರಿಗೆಲ್ಲ ನನ್ನ ಹತ್ತಿರ ಒಂದೇ ಇತ್ತು. ಕೇಳಿ ಬಂದವರು ಏನಾದರೂ ಅಡ ಇಟ್ಟೇ ಒಯ್ಯಬೇಕು, ಅದು ವಾಡಿಕೆ. ಎಂಬತ್ತನೇ ಇಸವಿ ಹೊತ್ತಿಗೆ ಬಾವಿ ಬಾವಿಗೂ ಪಂಪ್‌ಸೆಟ್ ಬಂತು. ಕೆಸರಲ್ಲಿ ಹೂತ, ಪೈಪಿನ ತುದಿಯ ಫುಟ್‌ವಾಲ್ವು ಕೊಕ್ಕೆಗೆ ಬಗ್ಗಲಿಲ್ಲ. ನಾನೇ ಇಳಿಯುತ್ತೇನೆಂದು, ಹಾಲು ಕೊಡುವ ಎರಡು ಎಮ್ಮೆ ಮಾರಿ, ಮುಳುಗುವ ಸಾಮಾನು ತರಲು ಮದ್ರಾಸಿಗೆ ಹೋದೆ. ಇದು ಕೈಕೊಟ್ಟರೆ ಹಾಲೂ ಹೋಯಿತು, ಅಣ್ಣನ ಮಾತೂ ಗೆದ್ದಿತು.

೧. ಮುಳುಗುವ ಖರ್ಚು

ಬಂದರಿನ ಹತ್ತಿರ ಹಳೇ ಮುಳುಗುಗಾರರೊಬ್ಬರು ಬಳಸಿದ ಸಾಮಾನು ಮಾರುತ್ತಿದ್ದರು. ತಮಿಳಿನಲ್ಲೇ ಮಾತಾಯಿತು. ಮೊದಲು ಬಾತುಕೋಳಿ ಕಾಲಿನಂಥ ರಬ್ಬರ್ ಪಾದ ತೋರಿಸಿದರು. "ನಾನಿಳಿಯೋದು ಬಾವಿಗೆ. ಇದು ಹಾಕ್ಕೊಂಡು ಈ ಗೋಡೆಯಿಂದ ಆ ಗೋಡೆಗೆ ಟೂರು ಹೋಗ್ಲಾ?" ಎಂದೆ. ತೆಗೆದಿಟ್ಟರು. ಗಾಜಿನ ಮುಖವಾಡವನ್ನು ಪಟ್ಟಿ ಕಟ್ಟದೆ ಮುಖಕ್ಕೊತ್ತಿ, ಮೂಗಲ್ಲಿ ಉಸಿರೆಳೆದು ನೋಡಲು ಹೇಳಿದರು. ಬೀಳದೆ ಅಂಟಿಕೊಂಡಿತು, ತಗೊಂಡೆ. "ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದು, ಇಲ್ಲದಿದ್ದರೆ ಕಿವಿ ಹೋಗುತ್ತೆ" ಎಂದು ಎಚ್ಚರಿಸಿದರು. ಬೆನ್ನಿಗೆ ಕಟ್ಟುವ ಗಾಳಿ ಸಿಲಿಂಡರು, ಬಾಯಿಗಿಡುವ ಅದರ ಕೊಳವೆ ಆಯಿತು. ಕೊನೆಗೆ ಸೀಸದ ತುಂಡು ಪೋಣಿಸಿದ ಬೆಲ್ಟು.

"ಇದ್ಯಾಕೆ?"

"ಮೈ ತುಂಬಿಕೊಂಡವರು ತೇಲ್ತಾರಮ್ಮ. ಸೀಸ ಇಲ್ಲದೆ ನೀನು ಮುಳುಗಲ್ಲ."

ಗುಂಡುಕಲ್ಲು ಅಂದಿದ್ದನಲ್ಲ ಅಣ್ಣ! ಅವನ ಬಾಯಲ್ಲಿ ಬಿಟ್ಟಿಯಾಗಿ ಮುಳುಗಿದ್ದವಳು, ಇಲ್ಲಿ ದುಡ್ಡು ಕೊಟ್ಟು ಮುಳುಗಬೇಕಾಯಿತು.

೨. ಬಸ್ಸು

ತುಂಬಿದ ಸಿಲಿಂಡರನ್ನು ಮಡಿಲಲ್ಲಿಟ್ಟುಕೊಂಡು ಹೊಸೂರಿನಿಂದ ಬಸ್ಸು ಹತ್ತಿದೆ. ಕಂಡಕ್ಟರು ತಟ್ಟಿ ನೋಡಿದ.

"ಏನಕ್ಕ ಇದ್ರಾಗೆ?"

"ಗಾಳಿ."

"ಎಲ್ಲಿಂದ?"

"ಮದ್ರಾಸಿಂದ. ಎರಡು ಎಮ್ಮೆ ಮಾರಿ ತಂದೆ."

ಅವನು ಬಸ್ಸಿಗೆಲ್ಲ ಕೇಳುವಂತೆ, "ನೋಡ್ರಪ್ಪೋ, ಅಕ್ಕ ಎಮ್ಮೆ ಮಾರಿ ಗಾಳಿ ತಂದೈತೆ! ಕಿಟಕಿ ಮುಚ್ಚಿ, ನಮ್ಮೂರ ಗಾಳಿ ಬೆರೆತೋದಾತು!" ಎಂದ. ಬಿಟ್ಟಿ ಗಾಳಿ ಅಂತ ನಕ್ಕವನು ಅದಕ್ಕೆ ಲಗೇಜು ಟಿಕೆಟ್ ಮಾತ್ರ ಬಿಡಲಿಲ್ಲ.

೩. ಸಲಹೆ

ಸುದ್ದಿ ಹಬ್ಬಿತು. ವೆಲ್ಡಿಂಗ್ ಅಂಗಡಿಯವನು ಆಕ್ಸಿಜನ್ ತುಂಬಿಕೊಡುತ್ತೇನೆಂದು ಬಂದ. "ಆಸ್ಪತ್ರೇಲಿ ಸಾಯೋರನ್ನ ಬದುಕ್ಸೋದೇ ಇದು ಕಣಕ್ಕ."

ಬರೀ ಆಕ್ಸಿಜನ್ ಆಳದಲ್ಲಿ ಫಿಟ್ಸ್ ತರಿಸುತ್ತದೆ, ಹೊಸಬರಿಗೆ ಶುದ್ಧವಾದ, ಒಣಗಿದ ಮಾಮೂಲಿ ಗಾಳಿಯೇ ಸರಿ ಎಂದು ಮದ್ರಾಸಿನವರು ಹೇಳಿದ್ದರು. ಸಾಮಾನಿನ ಜೊತೆ ಕೊಟ್ಟ ತಮಿಳು ಪುಸ್ತಕದಲ್ಲೂ ಅಕ್ಷರ ಕೂಡಿಸಿ ಕೂಡಿಸಿ ಓದಿದ್ದೆ. ಬಸ್ಸಿನ ಬೋರ್ಡು ನೋಡಿ ಕಲಿತ ತಮಿಳು ಓದು ನನ್ನದು. "ಸಾಯೋರಿಗೇ ಇಟ್ಟಿರಪ್ಪ. ನಾನಿನ್ನೂ ಬದುಕಿದ್ದೀನಿ" ಎಂದೆ.

ಆಮೇಲೆ ಪಂಚರ್ ಅಂಗಡಿಯವನು. ಅವನ ಗಾಳಿಯಲ್ಲಿ ಎಣ್ಣೆ ಹೊಗೆ ಇರುತ್ತೆ, ಬೇಡ ಎಂದೆ. "ಲಾರಿಗಳು ಇದೇ ಕುಡೀತವೆ. ಯಾವ ಲಾರಿ ಕೆಮ್ಮೈತೆ ತೋರ್ಸು" ಎಂದು ಸಿಲಿಂಡರಿನ ಮೇಲೆ ಕುಂತ. "ಎಷ್ಟು ಹೊಡಿಬೇಕು ಇದ್ಕೆ?"

"ಲಾರಿ ಟೈರಿಗೆ ಹೊಡೀತೀಯಲ್ಲ, ಅದರ ಮೂವತ್ತು ಪಟ್ಟು. ಈಗ ತುಂಬೇ ಐತೆ."

ಅವನು ಎದ್ದಿದ್ದು ಕಾಣಲಿಲ್ಲ. ನೋಡಿದರೆ ರಸ್ತೆ ಆಚೆ ನಿಂತಿದ್ದ.

೪. ನಗುವ ಹಲ್ಲು

ಮೊದಲ ಕೆಲಸ ಪಕ್ಕದ ತೋಟದವರ ಬಾವಿ. ಊರೇ ಸೇರಿತ್ತು. ಮಗಳ ಮದುವೆಗೆಂದು ಕಟ್ಟಿಸಿಕೊಂಡ ಹೊಸ ಹಲ್ಲುಸೆಟ್ಟು ತೋರಿಸುತ್ತಾ ಅಣ್ಣನೂ ಕಟ್ಟೆಯ ಮೇಲೆ ಕುಂತಿದ್ದ. ಕಚ್ಚೆ ಹಾಕಿ, ಮೂಗು ಹಿಡಿದು ಊದುತ್ತಾ ಮೆಲ್ಲಗೆ ಇಳಿದೆ. ಕೆಸರು ಬಗೆದೆ, ಫುಟ್‌ವಾಲ್ವು ಸಿಕ್ಕಿತು, ಹಗ್ಗ ಬಿಗಿದು ಮೇಲೇಳುತ್ತಿದ್ದೆ.

ನಾನು ಬಿಟ್ಟ ಉಸಿರು ಮೇಲೆ ಗುಳುಗುಳು ಎನ್ನುತ್ತಿತ್ತು. ಅದೇ ನನ್ನ ಕೊನೆಯುಸಿರು ಎಂದುಕೊಂಡ ಅಣ್ಣ, ಬಾವಿಗೆ ಬಗ್ಗಿ ಬಾಯ್ತುಂಬ ಕಿರುಚಿದನಂತೆ: "ಅಯ್ಯೋ ನನ್ ತಂಗೀ!"

ಕಿರುಚಿದ್ದು ನನಗೆ ಕೇಳಲಿಲ್ಲ. ಮುಖವಾಡದ ಗಾಜಿನ ಮುಂದೆ ಒಂದು ಸೆಟ್ಟು ಹಲ್ಲು ನಗುತ್ತಾ ಕೆಳಗಿಳಿದು ಹೋದದ್ದು ಮಾತ್ರ ಕಂಡಿತು. ನಮ್ಮೂರಲ್ಲಿ ಅಂಥ ಬಿಳಿ ಹಲ್ಲು ಒಬ್ಬನಿಗೇ. ಮೂಗು ಹಿಡಿಯುವುದು ಮರೆತು ತಲೆಕೆಳಗಾಗಿ ಅದರ ಬೆನ್ನು ಹತ್ತಿದೆ. ಎಡಗಿವಿ ಟಪ್ ಎಂದಿತು. ಹಲ್ಲು ಕೈಗೆ ಬಂತು.

ಮೇಲೆ ಬಂದಾಗ ಅಣ್ಣ ಬಾಯಿಗೆ ಟವಲು ಒತ್ತಿಕೊಂಡು ಅಳುತ್ತಿದ್ದ.

"ಆಗಲ್ಲ ಅಂದಿದ್ದು ಈ ಹಲ್ಲೇ ಅಲ್ವಾ ಅಣ್ಣ? ಅಡ ಇಡು, ಕೊಡ್ತೀನಿ."

ಟವಲು ಎಸೆದ. ಬೊಚ್ಚು ಬಾಯಲ್ಲೇ, "ಕೊಡಮ್ಮಿ ಬೇಗ, ಬೈಯೋದು ಬೇಕಾದಷ್ಟೈತೆ" ಎಂದ.

ಈಗ ನನ್ನ ಹತ್ತಿರ ಎರಡು ಸಿಲಿಂಡರು, ಉಸಿರಾಡುವ ಗಾಳಿ ತುಂಬುವ ಸ್ವಂತ ಯಂತ್ರ, ಸೀಸದ ಬೆಲ್ಟು ಮತ್ತು ಅಣ್ಣ ಇನ್ನೂ ಬಿಡಿಸಿಕೊಳ್ಳದ ಒಂದು ಟವಲು ಇವೆ. ತೆತ್ತದ್ದು ಎರಡು ಎಮ್ಮೆ, ಒಂದು ಎಡಗಿವಿ. ಅಣ್ಣ ಮನೆಗೆ ಬಂದರೆ ಎಡಗಡೆಯೇ ಕೂರಿಸುತ್ತೇನೆ.