ಬಲಗಡೆ ಪುಟದ ರೇಟು

ವಸಂತನ ಅಂದಿನ ಅವಾಂತರಕ್ಕೆಲ್ಲ ಕಾರಣ ಅವನ ಹೊಟ್ಟೆ. ಹೊಟ್ಟೆ ಇಲ್ಲದಿದ್ದರೆ ಅವನು ಮೇಜಿಗೆ ಹತ್ತಿರ ಕೂರುತ್ತಿದ್ದ. ಹತ್ತಿರ ಕೂತಿದ್ದರೆ ಮೊಬೈಲನ್ನು ಅಷ್ಟು ದೂರ ಹಿಡಿಯುತ್ತಿರಲಿಲ್ಲ. ದೂರ ಹಿಡಿಯದಿದ್ದರೆ ಫೋಟೋದಲ್ಲಿ ನೋಟ್ ಪುಸ್ತಕದ ಎಡಗಡೆ ಪುಟ ಮಾತ್ರ ಬರುತ್ತಿತ್ತು, ಬಲಗಡೆಯದು ಗುಟ್ಟಾಗಿಯೇ ಉಳಿಯುತ್ತಿತ್ತು.

ಅಮ್ಮತ್ತಿ ಹತ್ತಿರ ಕುಟ್ಟಪ್ಪನವರ ಕಾಫಿ ಎಸ್ಟೇಟಿನಲ್ಲಿ ವಸಂತ ಹದಿನೆಂಟು ವರ್ಷದಿಂದ ರೈಟರ್. ಆಳುಗಳ ಹಾಜರಿ ಬರೆಯುವುದು, ಪಿಕಿಂಗ್ ಸಮಯದಲ್ಲಿ ಹಣ್ಣಿನ ಚೀಲ ತೂಗುವುದು ಅವನ ಕೆಲಸ. ಇದರ ಜೊತೆಗೆ, ಯಾರೂ ಹೇಳದೆ ತಾನೇ ಮೈಮೇಲೆ ಎಳೆದುಕೊಂಡ ಸೇವೆ ಇನ್ನೊಂದಿತ್ತು. ದಿನಾ ಬೆಳಿಗ್ಗೆ ಗೋಣಿಕೊಪ್ಪಲು, ಅಮ್ಮತ್ತಿ, ಕುಶಾಲನಗರದ ವ್ಯಾಪಾರಿಗಳಿಗೆ ಫೋನ್ ಮಾಡಿ ಕಾಫಿ, ಕರಿಮೆಣಸಿನ ರೇಟು ಕೇಳಿ, ದುಂಡಗೆ ಬರೆದು, ಆ ಪುಟದ ಫೋಟೋ ತೆಗೆದು ಊರಿನ ವಾಟ್ಸ್ಯಾಪ್ ಗುಂಪಿಗೆ ಹಾಕುತ್ತಿದ್ದ. ಗುಂಪಿನಲ್ಲಿ ಇನ್ನೂರ ಹನ್ನೆರಡು ಜನ. ವಸಂತನ ಪುಟ ನೋಡದೆ ಅವರಲ್ಲಿ ಯಾರೂ ಒಂದು ಚೀಲ ಕಾಫಿಯನ್ನು ಮಾರಲು ಹೊರಗೆ ತೆಗೆಯುತ್ತಿರಲಿಲ್ಲ.

ಬಲಗಡೆ ಪುಟದಲ್ಲಿದ್ದುದು ಬೇರೆಯದೇ ರೇಟು. ಅದು ತೂಕ ಇಳಿಸುವ ಇಂಜೆಕ್ಷನ್‌ನದು.

ನೂರ ಎಂಟು ಕಿಲೋ ತೂಗುತ್ತಿದ್ದ ವಸಂತನಿಗೆ ಈ ಮಳೆಗಾಲ ಮುಗಿಯುವ ಹೊತ್ತಿಗೆ ಎಸ್ಟೇಟಿನ ಮೇಲಿನ ಬ್ಲಾಕ್ ಹತ್ತಲು ಆಗುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ನೆರಳಿನ ಸಿಲ್ವರ್ ಓಕ್ ಮರವೊಂದನ್ನು ತಬ್ಬಿಕೊಂಡು ನಿಂತುಬಿಡುತ್ತಿದ್ದ. ಕುಟ್ಟಪ್ಪನವರು ಬೈಯುವವರಲ್ಲ. ಜನವರಿಯ ಪಿಕಿಂಗ್ ಹೊತ್ತಿಗೆ ಹತ್ತಲು ಆಗದಿದ್ದರೆ ಬೇರೆ ರೈಟರನ್ನು ನೋಡಬೇಕಾದೀತು ಎಂದು ಮೆತ್ತಗೆ ಹೇಳಿದರು. ಬೈದಿದ್ದರೆ ಮರೆತುಬಿಡಬಹುದಿತ್ತು, ಮೆತ್ತಗೆ ಹೇಳಿದ್ದರಿಂದ ವಸಂತ ಹೆದರಿದ. ಕೆಲಸ ಹೋದರೆ ಎಸ್ಟೇಟಿನವರು ಕೊಟ್ಟ ಮನೆಯನ್ನೂ ಬಿಡಬೇಕು. ಡಾಕ್ಟರ ಹತ್ತಿರ ಹೋದ. ಅವರು ಶುಗರ್ ನೋಡಿ, ಮಂಡಿ ನೋಡಿ, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಬರೆದುಕೊಟ್ಟರು.

ಚೀಟಿ ಕೈಗೆ ಬಂದದ್ದೇ ವಸಂತನೊಳಗಿನ ರೈಟರ್ ಎದ್ದು ಕೂತ. ಹೊರದೇಶದ ಕಂಪನಿಯದು ತಿಂಗಳಿಗೆ ಒಂಬತ್ತು ಸಾವಿರದ ಹತ್ತಿರ. ಈಚೆಗೆ ನಮ್ಮ ದೇಶದ ಕಂಪನಿಗಳೂ ಮಾಡತೊಡಗಿದ್ದರಿಂದ ಅದೇ ಮದ್ದು ಹತ್ತಾರು ಹೆಸರಿನಲ್ಲಿ ಹತ್ತಾರು ರೇಟಿಗೆ ಬರುತ್ತಿತ್ತು. ನಾಲ್ಕು ದಿನ ಕೂತು ಏಳು ಅಂಗಡಿಗಳಿಗೆ ಫೋನ್ ಮಾಡಿದ. ಯಾವ ಅಂಗಡಿ, ಎಷ್ಟು ಡೋಸು, ಸೂಜಿ ಸೇರಿಯೋ ಬೇರೆಯೋ, ಐಸ್ ಹಾಕಿ ಕೊಡುತ್ತಾರೋ ಇಲ್ಲವೋ, ಎಲ್ಲದಕ್ಕೂ ಗೆರೆ ಎಳೆದು ಕಾಲಂ ಮಾಡಿದ. ಮೂರನೇ ಸಾಲಿನ ಕೆಳಗೆ ಕೆಂಪು ಗೀಟು ಬಿತ್ತು: ಅಮ್ಮತ್ತಿಯ ನಿತೇಶನ ಮೆಡಿಕಲ್, ತಿಂಗಳಿಗೆ ಮೂರು ಸಾವಿರದ ಇನ್ನೂರು, ಸೂಜಿ ಸೇರಿ.

ಅಂದು ಬೆಳಿಗ್ಗೆ ಹೆಂಡತಿ ಕಮಲ ದುಡ್ಡು ಎಣಿಸಿ ಅವನ ಜೇಬಿಗಿಟ್ಟು, ಅಲ್ಲಿ ಇಲ್ಲಿ ನಿಲ್ಲದೆ ನೇರ ಹೋಗಿ ತರಬೇಕೆಂದು ಹೇಳಿದಳು. ಹೊರಡುವ ಮೊದಲು ವಸಂತ ಎಂದಿನಂತೆ ಕಾಫಿ ರೇಟಿನ ಫೋಟೋ ಹಾಕಿದ. ಹಾಕಿದ ಮೇಲೆ ನೋಡಿದರೆ ಎರಡು ಪುಟವೂ ಬಂದಿದೆ. ಬಲಗಡೆ ಪುಟದ ತಲೆಯ ಮೇಲೆ 'ವಸಂತನ ತೂಕದ ಮದ್ದು' ಎಂಬ ಶೀರ್ಷಿಕೆ ಬೇರೆ.

ಗಾಬರಿಯಲ್ಲಿ ಅಳಿಸಲು ಹೋದ. ಎಲ್ಲರ ಫೋನಿನಿಂದಲೂ ಅಳಿಸಬೇಕೋ ನಿನ್ನ ಫೋನಿನಿಂದ ಮಾತ್ರವೋ ಎಂದು ಮೊಬೈಲು ಕೇಳಿತು. ಕನ್ನಡಕ ಮೇಜಿನ ಮೇಲಿತ್ತು, ಬೆರಳು ದಪ್ಪಗಿತ್ತು. ಫೋಟೋ ಅವನ ಕಣ್ಣೆದುರಿನಿಂದ ಮಾಯವಾಯಿತು. ಉಳಿದ ಇನ್ನೂರ ಹನ್ನೊಂದು ಜನರ ಕಣ್ಣೆದುರು ಹಾಗೆಯೇ ಉಳಿಯಿತು. ಬದುಕಿದೆ ಎಂದುಕೊಂಡು ಅವನು ಸ್ಕೂಟರ್ ಹತ್ತಿದ.

ಗೇಟಿನ ಹತ್ತಿರವೇ ಪಕ್ಕದ ಮನೆಯ ಸುಮಿತ್ರಮ್ಮ ಅಡ್ಡ ಬಂದರು. ಅಂಗನವಾಡಿಯಲ್ಲಿ ಟೀಚರಾಗಿದ್ದು ನಿವೃತ್ತರಾದವರು, ಊರಿನ ಎಲ್ಲರ ತಪ್ಪನ್ನೂ ತಿದ್ದುವ ಅಭ್ಯಾಸ ಮಾತ್ರ ನಿವೃತ್ತಿಯಾಗಿರಲಿಲ್ಲ.

"ಪುಟ ಚೆನ್ನಾಗಿ ಬರ್ದಿದ್ದೀಯ ವಸಂತ. ಮೂರನೇ ಸಾಲಲ್ಲಿ ಸೂಜಿ ಸೇರಿ ಅಂತ ಉಂಟಲ್ಲ, ಎಷ್ಟು ಸೂಜಿ?" ಎಂದರು. ನಾಲ್ಕು ಎಂದು ವಸಂತ ಪಿಸುಗುಟ್ಟಿದ. ತನಗಲ್ಲ, ಶಿರಂಗಾಲದ ತಂಗಿಗೆ ಬೇಕಾಗಿತ್ತು ಎಂದು ಅವರೂ ಪಿಸುಗುಟ್ಟಿ, ಅವನ ಕೈಗೆ ಎರಡು ಬಾಳೆಹಣ್ಣಿನ ಅಪ್ಪ ತುರುಕಿದರು.

ಅಳಿಸುವ ಮೊದಲೇ ಇವರು ನೋಡಿಬಿಟ್ಟಿರಬೇಕು ಎಂದು ವಸಂತ ಸಮಾಧಾನ ಮಾಡಿಕೊಂಡ. ಆದರೆ ಅಮ್ಮತ್ತಿ ಮುಟ್ಟುವುದರೊಳಗೆ ಹನ್ನೊಂದು ಫೋನ್ ಬಂದವು. ಒಬ್ಬರು ಭಾವನಿಗಾಗಿ ಕೇಳಿದರು, ಒಬ್ಬರು ಮೈಸೂರಿನ ಬೀಗರಿಗಾಗಿ. ಯಾರೂ ನಗಲಿಲ್ಲ. ಎಲ್ಲರೂ ಕೊನೆಗೆ, ಒಳ್ಳೆಯದಾಗಲಿ ವಸಂತ, ಆರೋಗ್ಯ ನೋಡಿಕೋ ಎಂದು ಹೇಳಿ ಇಟ್ಟರು. ನಾಚಿಕೆಯಿಂದ ಕುಗ್ಗಿದ್ದವನು ಬರಬರುತ್ತಾ ಸ್ಕೂಟರಿನ ಮೇಲೆ ನೆಟ್ಟಗೆ ಕೂತ. ಇಷ್ಟು ವರ್ಷ ತಾನು ರೇಟು ಬರೆದು ಹಾಕಿದ್ದಕ್ಕೆ ಊರವರಿಗೆ ತನ್ನ ಮೇಲೆ ಇಷ್ಟೊಂದು ಅಕ್ಕರೆಯಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ನಿತೇಶನ ಮೆಡಿಕಲ್ಲಿನಲ್ಲಿ ಎಲ್ಲವೂ ಸರಿಯಾಗಿತ್ತು. ಚೀಟಿ ನೋಡಿ ನಿತೇಶ ಫ್ರಿಜ್ಜಿನ ಬಾಗಿಲು ತೆಗೆದ. ಎಂಟು ಪೆಟ್ಟಿಗೆ ಸಾಲಾಗಿ ಕೂತಿದ್ದವು. ರೇಟು ಮೂರು ಸಾವಿರದ ಇನ್ನೂರು. ವಸಂತನ ಕೈ ಜೇಬಿಗೆ ಹೋಯಿತು, ನೋಟು ಬೆರಳಿಗೆ ತಾಗಿತು, ಅಲ್ಲೇ ನಿಂತಿತು.

ಅವನ ತಪ್ಪಲ್ಲ. ಹದಿನೆಂಟು ವರ್ಷ ಕಾಫಿ ರೇಟು ಬರೆದ ಕೈ ಅದು. ಬೆಳಗಿನ ರೇಟಿಗೆ ಕೈ ಹಾಕುವವನು ಪೆದ್ದ, ಮಧ್ಯಾಹ್ನ ರೇಟು ಏರುವವರೆಗೆ ತಡೆದವನು ಜಾಣ ಎಂಬುದು ಕಾಫಿ ಮಾರುವವರ ಮನೆಮನೆಯಲ್ಲೂ ಇರುವ ನಂಬಿಕೆ. ಈ ಕೈ ಇವತ್ತು ಮಾರುತ್ತಿಲ್ಲ, ಕೊಳ್ಳುತ್ತಿದೆ ಎಂಬುದನ್ನು ಲೆಕ್ಕ ಹಾಕಿ, ಹಾಗಿದ್ದರೆ ಮಧ್ಯಾಹ್ನಕ್ಕೆ ಇಳಿಯಬೇಕು ಎಂದು ವಸಂತ ತೀರ್ಮಾನಿಸಿದ.

"ಮೂರು ಗಂಟೆ ಮೇಲೆ ಎಷ್ಟಾಗ್ತದೆ?" ಎಂದು ಕೇಳಿದ.

"ಅಣ್ಣ, ಇದು ಕಾಫಿ ಅಲ್ಲ," ಎಂದ ನಿತೇಶ.

ಎಲ್ಲ ವ್ಯಾಪಾರಿಗಳೂ ಹೀಗೆಯೇ ಹೇಳುವುದು ಎಂದು ವಸಂತ ಒಳಗೊಳಗೇ ನಕ್ಕ. ಗೋಣಿಕೊಪ್ಪಲಿನ ಅಂಗಡಿಗೆ ಈ ರೇಟು ತೋರಿಸಿ ಅವರಿಂದ ನೂರು ಇಳಿಸಿ, ಆ ರೇಟನ್ನು ತಂದು ನಿತೇಶನಿಗೆ ತೋರಿಸಿ ಇನ್ನೂರು ಇಳಿಸುವ ಉಪಾಯ ಹೂಡಿ ಸ್ಕೂಟರ್ ತಿರುಗಿಸಿದ.

ದಾರಿಯಲ್ಲಿ ಬೋಜಮ್ಮನ ಮನೆ. ಎಪ್ಪತ್ತು ದಾಟಿದ ಬೋಜಮ್ಮ ಸ್ವಂತ ಜೀಪು ಓಡಿಸುವ, ಇಪ್ಪತ್ತು ಎಕರೆ ತೋಟದ ಒಡತಿ. ರಸ್ತೆಯಲ್ಲೇ ಕೈ ಅಡ್ಡ ಹಿಡಿದು ಒಳಗೆ ಕರೆದು, ತನ್ನ ಮೊಬೈಲಿನಲ್ಲಿ ಆ ಪುಟವನ್ನು ತೋರಿಸಿದಾಗಲೇ ವಸಂತನಿಗೆ ಅದು ತನ್ನ ಫೋನು ಬಿಟ್ಟು ಬೇರೆಲ್ಲಿಂದಲೂ ಅಳಿಸಿಹೋಗಿಲ್ಲ ಎಂದು ತಿಳಿದದ್ದು. ಇನ್ನು ನಾಚಿ ಪ್ರಯೋಜನವಿಲ್ಲ. ಕಾಲಂ ಕಾಲಮ್ಮಾಗಿ ವಿವರಿಸಿದ. ವಿವರಿಸುವಾಗ ಎದುರಿಗೆ ಅಕ್ಕಿ ರೊಟ್ಟಿ ಬಂತು, ಅದರ ಹಿಂದೆ ಹಂದಿಮಾಂಸದ ಪಂದಿಕರಿ ಬಂತು. ಹಿರಿಯರು ಬಡಿಸಿದ್ದನ್ನು ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಆ ಮನೆಯಿಂದ ಏಳುವಾಗ ಒಂದೂವರೆ.

ಗೋಣಿಕೊಪ್ಪಲಿನವರು ಇಳಿಸಿ ಇಳಿಸಿ ಮೂರು ಸಾವಿರದ ನಾನೂರಕ್ಕೆ ನಿಂತರು. ಉಪಾಯ ಕೈಕೊಟ್ಟಿತು. ಆದರೂ ಮೂರನೇ ಸಾಲು ಇದ್ದೇ ಇದೆಯಲ್ಲ ಎಂಬ ಧೈರ್ಯದಲ್ಲಿ ಸರಿಯಾಗಿ ಮೂರೂಕಾಲಿಗೆ ವಸಂತ ಮತ್ತೆ ಅಮ್ಮತ್ತಿಗೆ ಬಂದ.

ನಿತೇಶ ಕೌಂಟರಿನಿಂದ ಈಚೆ ಬಂದು ಅವನ ಎರಡೂ ಕೈ ಹಿಡಿದುಕೊಂಡ. ಅಂಗಡಿ ತೆರೆದು ಆರು ವರ್ಷವಾಯಿತು, ಇಂಥ ವ್ಯಾಪಾರ ಒಂದು ದಿನವೂ ಆಗಿರಲಿಲ್ಲ ಎಂದ. ಆಮೇಲೆ ಫ್ರಿಜ್ ತೆರೆದು ತೋರಿಸಿದ. ಎಂಟರಲ್ಲಿ ಒಂದೂ ಇರಲಿಲ್ಲ.

ಚೀಟಿ ಇಲ್ಲದೆ ಹೇಗೆ ಕೊಟ್ಟೆ ಎಂದು ವಸಂತ ಕೇಳಿದ. ಎಲ್ಲರ ಹತ್ತಿರವೂ ಚೀಟಿ ಇತ್ತಂತೆ. ಭಾವನೂ ಇಲ್ಲ, ಬೀಗರೂ ಇಲ್ಲ, ಬಂದವರೆಲ್ಲ ತಮ್ಮದೇ ಹೆಸರಿನ ಚೀಟಿ ತಂದವರು. ರೇಟಿಗೆ ಹೆದರಿ, ಕೇಳಲು ನಾಚಿ, ಆ ಚೀಟಿಗಳು ಊರಿನ ಬೀರುಗಳಲ್ಲಿ ಬಟ್ಟೆಯ ಅಡಿಗೆ ತಿಂಗಳುಗಟ್ಟಲೆ ಮಲಗಿದ್ದವು. ವಸಂತನ ಪುಟ ಅವನ್ನೆಲ್ಲ ಎಬ್ಬಿಸಿತು.

"ಹೆಸರು ಹೇಳೋ ಹಾಗಿಲ್ಲ ಅಣ್ಣ. ಎಲ್ಲರೂ ನಿಮಗೆ ಉಪಕಾರ ಆಯ್ತು ಅಂತ ಹೇಳೋಕೆ ಹೇಳಿದ್ದಾರೆ. ಕೊನೇದನ್ನ ಒಬ್ಬರು ಎರಡೂಮುಕ್ಕಾಲಿಗೆ ತಗೊಂಡ್ರು."

ಇನ್ನು ಮುಂದಿನ ಸ್ಟಾಕು ಬರುವುದು ಹದಿನೈದು ದಿನಕ್ಕೆ. ರೇಟು ನಾನೂರು ಜಾಸ್ತಿ. ನಿತೇಶ ಅದನ್ನು ಹೇಳುವಾಗ ಬೇರೆ ಕಡೆ ನೋಡಿದ. ವಸಂತ ಪುಟದ ಉಳಿದ ಆರು ಅಂಗಡಿಗಳಿಗೂ ಫೋನ್ ಮಾಡಿದ, ಅಲ್ಲೂ ಅವನ ಪುಟ ನೋಡಿದವರು ಮೊದಲೇ ಬಂದು ಖಾಲಿ ಮಾಡಿದ್ದರು.

ಮನೆಯ ದಾರಿಯಲ್ಲಿ ಕುಟ್ಟಪ್ಪನವರ ಫೋನು. ವಸಂತ ಸ್ಕೂಟರ್ ನಿಲ್ಲಿಸಿ ಎದ್ದು ನಿಂತು ಕೇಳಿಸಿಕೊಂಡ.

"ದೊಡ್ಡ ಉಪಕಾರ ಮಾಡಿದೆ ವಸಂತ. ವರ್ಷದಿಂದ ಚೀಟಿ ಇಟ್ಕೊಂಡು ಯಾರನ್ನ ಕೇಳೋದು ಅಂತ ಇದ್ದೆ. ಜನವರಿಗೆ ಮೇಲಿನ ಬ್ಲಾಕ್ ಇಬ್ಬರೂ ಒಟ್ಟಿಗೆ ಹತ್ತುವ."

ಇದುವರೆಗೆ ಅವನು ಮರ ತಬ್ಬಿಕೊಂಡು ನಿಂತದ್ದನ್ನು ದಣಿ ಬೇರೆಯವರ ಬಾಯಿಂದ ಕೇಳಿದ್ದರು ಅಷ್ಟೆ. ಇನ್ನು ಪಕ್ಕದಲ್ಲೇ ನಿಂತು ನೋಡುತ್ತಾರೆ.

ಸಂಜೆ ಮನೆ ಮುಟ್ಟಿದಾಗ ಜಗಲಿಯ ಮೇಲೆ ಪಾತ್ರೆಗಳ ಸಾಲು. ಬೋಜಮ್ಮ ಜೀಪಿನಲ್ಲಿ ಕಳಿಸಿದ ಪಂದಿಕರಿ, ಅದರ ಜೊತೆಗೆ ಅಕ್ಕಿತರಿಯ ಉಂಡೆ ಕಡಂಬುಟ್ಟು. ಸುಮಿತ್ರಮ್ಮನ ಕೋಳಿ ಸಾರು, ಒತ್ತು ಶ್ಯಾವಿಗೆ. ದಣಿಗಳ ಮನೆಯ ಪಾಯಸ. ಇನ್ನೂ ಮೂರು ಡಬ್ಬಿಗಳು ಯಾರ ಮನೆಯವೆಂದು ಮುಚ್ಚಳ ತೆಗೆದು ನೋಡಬೇಕಿತ್ತು. ಎಲ್ಲ ಉಪಕಾರ ಸ್ಮರಣೆ.

ಕಮಲ ಫ್ರಿಜ್ಜಿನ ಬಾಗಿಲು ತೆರೆದುಕೊಂಡು ನಿಂತಿದ್ದಳು.

"ನಿಮ್ದೂ ಕೊಡಿ, ಪಕ್ಕದಲ್ಲೇ ಇಡ್ತೀನಿ," ಎಂದಳು.

ಮೊಸರಿನ ಪಾತ್ರೆಯ ಪಕ್ಕದಲ್ಲಿ ಆ ಪೆಟ್ಟಿಗೆ ಇತ್ತು. ವಸಂತನಿಗೆ ಮೊದಲು ಹೋದ ಜೀವ ಬಂದಂತಾಯಿತು. ಮರುಕ್ಷಣ ಪೆಟ್ಟಿಗೆಯ ಮೇಲೆ ನಿತೇಶ ಪೆನ್ನಿನಲ್ಲಿ ಬರೆದ ಹೆಸರು ಕಂಡಿತು: ಕಮಲ.

ಕಾಲುನೋವೆಂದು ಹೋದಾಗ ಅವಳಿಗೂ ಡಾಕ್ಟರು ತೂಕ ನೋಡಿ ಎಂಟು ತಿಂಗಳ ಹಿಂದೆಯೇ ಬರೆದುಕೊಟ್ಟಿದ್ದರು. ಆಗಿನ ರೇಟಿನಲ್ಲಿ ಒಂದು ಮನೆಗೆ ಒಂದೇ ಹೆಚ್ಚು, ಅದು ಮುಂದೆ ಗಂಡನಿಗೆ ಬೇಕಾದೀತು ಎಂದು ಅವಳು ಯಾರಿಗೂ ಹೇಳದೆ ಚೀಟಿಯನ್ನು ಸೀರೆಯ ಮಡಿಕೆಯಲ್ಲಿಟ್ಟಿದ್ದಳು. ಇವತ್ತು ಮೂರನೇ ಸಾಲು ನೋಡಿದ ಮೇಲೆ, ಮೊದಲಿನ ಒಂದರ ದುಡ್ಡಿಗೆ ಎರಡು ಬರುತ್ತದೆಂದು ಲೆಕ್ಕ ಹಾಕಿ ಮಧ್ಯಾಹ್ನದ ಬಸ್ಸಿಗೆ ಹೋಗಿ ಬಂದಿದ್ದಳು. ಡಾಕ್ಟರಲ್ಲಿ ಮೊದಲ ಡೋಸು ಚುಚ್ಚಿಸಿಕೊಂಡೂ ಆಗಿತ್ತು.

"ನೀವು ಬೆಳಿಗ್ಗೆಯೇ ತಗೊಂಡಿರ್ತೀರಿ ಅಂದ್ಕೊಂಡೆ. ತಗೊಳ್ಳಲಿಲ್ವಾ?"

"ಮಧ್ಯಾಹ್ನ ರೇಟು ಇಳೀತದೆ ಅಂತ ಕಾದೆ," ಎಂದ ವಸಂತ.

ಕಮಲ ಅವನ ಮುಖವನ್ನೇ ನೋಡಿದಳು. ಆಮೇಲೆ ನಗು ಶುರುವಾಯಿತು, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುವವರೆಗೆ ನಿಲ್ಲಲಿಲ್ಲ. ನಕ್ಕು ಮುಗಿದ ಮೇಲೆ ಮುಖ ಸಣ್ಣದು ಮಾಡಿಕೊಂಡು, ಉಳಿದದ್ದನ್ನು ನೀವೇ ತೆಗೆದುಕೊಳ್ಳಿ ಎಂದಳು. ಒಬ್ಬರು ಚುಚ್ಚಿಕೊಂಡ ಇಂಜೆಕ್ಷನ್ ಪೆನ್ನು ಇನ್ನೊಬ್ಬರಿಗೆ ಆಗುವುದಿಲ್ಲ, ಅದು ಅವಳದೇ ಎಂದು ವಸಂತ ಬಾಗಿಲು ಮುಚ್ಚಿದ. ಏಳು ಅಂಗಡಿಯ ಸೂಜಿ ಎಣಿಸಿದವನು ಪಕ್ಕದಲ್ಲಿ ಮಲಗುವವಳ ಕಾಲುನೋವು ಕೇಳಿರಲಿಲ್ಲ. ನಾಚಿಕೆಯಾಯಿತು. ಕೆಲಸ ಉಳಿಯುತ್ತದೋ ಹೋಗುತ್ತದೋ, ಆ ಪೆಟ್ಟಿಗೆಯಾದರೂ ಈ ಮನೆಗೆ ಬಂತಲ್ಲ ಎಂದು ಅವನು ಮನಸಾರೆ ನಿತೇಶನಿಗೂ, ಮೊಬೈಲಿಗೂ, ತನ್ನ ದಪ್ಪ ಬೆರಳಿಗೂ ಕೈಮುಗಿದ.

ಕಮಲ ಜಗಲಿಯ ಪಾತ್ರೆಗಳನ್ನೆಲ್ಲ ಒಳಗೆ ತಂದು ಸಾಲಾಗಿ ಜೋಡಿಸಿ ಒಂದೇ ತಟ್ಟೆ ಹಾಕಿದಳು. ನಿನಗೆ ಎಂದು ವಸಂತ ಕೇಳಿದ.

"ಡಾಕ್ಟ್ರು ನಂಗೆ ಇವತ್ತಿಂದ ಅರ್ಧ ರೊಟ್ಟಿ ಸಾಕು ಅಂದಿದ್ದಾರೆ. ಜನ ಅಷ್ಟು ಪ್ರೀತಿಯಿಂದ ಕಳ್ಸಿದ್ದಾರೆ, ಎಸೆಯೋಕಾಗ್ತದಾ? ನೀವೇ ಮುಗಿಸ್ಬೇಕು. ಪಾತ್ರೆ ನಾಳೆ ತೊಳ್ದು ಕೊಡ್ಬೇಕು."

ಆರು ಮನೆಯ ಕೃತಜ್ಞತೆ ಬಿಸಿಬಿಸಿಯಾಗಿ ಎದುರಿಗೆ ಕೂತಿತ್ತು. ವಸಂತ ಬೆಲ್ಟನ್ನು ಒಂದು ತೂತು ಸಡಿಲಿಸಿ ಮೊದಲ ಕಡಂಬುಟ್ಟು ಮುರಿದ.