ಮಾವನ ಫಟಫಟಿಗೆ ಹತ್ತಿದ ದಮ್ಮು

ಶಿವಮೊಗ್ಗದ ಹೊಸಮನೆಯಲ್ಲಿ ಷಡಕ್ಷರಪ್ಪನವರು ಒಂದು ಬೆಳಗ್ಗೆ ಪಂಚೆಯನ್ನು ಮೊಳಕಾಲಿನ ಮೇಲಕ್ಕೆ ಕಟ್ಟಿ, ಅಂಗಳದ ನಡುವೆ ನಿಂತು, ಹೆಂಡತಿಗೂ ನೆರೆಮನೆಗೂ ಏಕಕಾಲದಲ್ಲಿ ಕೇಳಿಸುವಂತೆ ಸಾರಿದರು: “ಈ ಗಾಡೀನ ನಾನೇ ಸರಿ ಮಾಡ್ತೀನಿ. ಇದರ ಮೈಗೆ ಬೇರೆಯವರ ಕೈ ತಾಗಿಸಲ್ಲ.”

ಈ ಪ್ರತಿಜ್ಞೆಗೆ ಆಧಾರವಿಲ್ಲದೆ ಇರಲಿಲ್ಲ. ಹಿಂದಿನ ವರ್ಷ ಮನೆಯ ರೇಡಿಯೋ ಮೂಕವಾದಾಗ ಅದರ ನೆತ್ತಿಗೊಂದು ಏಟು ಬಿಗಿದು ಮಾತನಾಡಿಸಿದವರು ಅವರೇ. ಅಂದಿನಿಂದ ಯಂತ್ರಕುಲವೆಲ್ಲ ತಮ್ಮನ್ನು ಕಂಡರೆ ನಡುಗುತ್ತದೆಂದು ನಂಬಿದ್ದರು. ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು, ಬೆರಳಲ್ಲಿ ಮುಟ್ಟಿದೊಡನೆ ಇದು ಯಾವ ಮಿಲ್ಲಿನ ನೂಲು ಎಂದು ಹೇಳುವ ಮನುಷ್ಯನಿಗೆ ಒಂದು ಫಟಫಟಿಯ ಹೊಟ್ಟೆಯೊಳಗಿನ ಗುಟ್ಟು ತಿಳಿಯದೆ ಹೋದೀತೆ!

ಗಾಡಿ ಅವರದಲ್ಲ, ಮಾವನವರದು. ಭದ್ರಾವತಿಯಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ಷಣ್ಮುಖಪ್ಪನವರು ಅದರ ಮೇಲೆ ಕುಳಿತು ಕಾಡು ಮೇಡು ಸುತ್ತಿದವರು. ಕಣ್ಣು ಹೋಗಿ, ದಮ್ಮು ಹತ್ತಿ, ಹಾಸಿಗೆಗೂ ಕಿಟಕಿಗೂ ನಡುವೆ ಬದುಕು ಸಣ್ಣದಾದ ಮೇಲೆ ಅಳಿಯನನ್ನು ಕರೆಸಿ ಬೀಗದ ಕೈ ಕೊಟ್ಟಿದ್ದರು. ಕಾಣದವನಿಗೆ ಗಾಡಿ ಏಕೆ, ಆಗಾಗ ತಂದು ಸದ್ದು ಕೇಳಿಸಿದರೆ ಸಾಕು ಎಂದಿದ್ದರು.

ಷಡಕ್ಷರಪ್ಪನವರು ಗಾಡಿಯನ್ನು ಮಾವನಷ್ಟೇ ಗೌರವದಿಂದ ಕಂಡರು. ಬೆಳಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಅಂಗೈಯಲ್ಲಿ ಉಳಿದ ಒದ್ದೆ ವಿಭೂತಿಯನ್ನು ತಂದು ಗಾಡಿಗೂ ಹಚ್ಚುವರು. ಮುಂದಿನ ದೀಪದ ಗಾಜು ನುಣುಪು, ಅಲ್ಲಿ ನಿಲ್ಲದು. ಹೀಗಾಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳವೇ ಗಾಡಿಯ ಹಣೆಯಾಯಿತು. ಮೂರು ಬೆರಳಿನ ಮೂರು ಗೆರೆ, ದಿನವೂ ತಪ್ಪದೆ, ನಿನ್ನೆಯದರ ಮೇಲೆ ಇಂದಿನದು.

ಇಷ್ಟು ಭಕ್ತಿ ಕಂಡರೂ ಗಾಡಿ ಕೆಡತೊಡಗಿತು. ನಿಂತಲ್ಲಿ ಗುಡುಗುಡು ಎಂದು ಒಂದೇ ತಾಳದಲ್ಲಿ ಆಡಬೇಕಾದದ್ದು ಗುಡು, ಗುಡ್, ಗುಗ್ಗುಡು ಎಂದು ತೊದಲಿ, ಸೀನಿ, ಮೈಯೆಲ್ಲ ನಡುಗಿಸಿ ಸುಮ್ಮನಾಗುತ್ತಿತ್ತು. ಯಾರದೋ ಕಣ್ಣು ಬಿದ್ದಿದೆ ಎಂದುಕೊಂಡ ಷಡಕ್ಷರಪ್ಪನವರು ವಿಭೂತಿಯನ್ನು ಇನ್ನಷ್ಟು ದಪ್ಪ ಮಾಡಿದರು. ಗಾಡಿ ಇನ್ನಷ್ಟು ಕೆಮ್ಮಿತು.

ಅದೇ ಹೊತ್ತಿಗೆ ಮಾವನವರ ಮರದ ಡಿಪೋದ ಮಾರಪ್ಪ ಭದ್ರಾವತಿಯಿಂದ ಬಂದ. ಜಗಲಿಯ ಮೇಲೆ ಕುಳಿತವನು ನೀರನ್ನೂ ಮುಟ್ಟಲಿಲ್ಲ. ಡಾಕ್ಟರು ಹತ್ತಿರದವರನ್ನು ಕರೆಸಿಕೊಳ್ಳಿ ಎಂದಿದ್ದಾರಂತೆ.

“ಸಾವ್ಕಾರ್ರು ಏನೂ ಬೇಡ ಅಂತಾರೆ ಬುದ್ಧಿ. ಗಾಡಿ ಸದ್ದು ಒಂದ್ಸಲ ಕೇಳ್ಬೇಕು ಅಂದ್ರು, ಅಷ್ಟೇ” ಎಂದ.

ಹೆಂಡತಿ ಜಯಶೀಲಾ ಸೆರಗಿನಿಂದ ಕಣ್ಣೊರೆಸಿಕೊಂಡು ಆಗಲೇ ಚೀಲಕ್ಕೆ ಸೀರೆ ತುಂಬತೊಡಗಿದಳು. “ನಡೀರಿ, ಹನ್ನೊಂದರ ಬಸ್ಸು ಸಿಗುತ್ತೆ.”

“ನಿಮ್ಮಪ್ಪ ಬಸ್ಸಿನ ಸದ್ದು ಕೇಳ್ಬೇಕು ಅಂದ್ರಾ, ಮಾರಾಯ್ತಿ?”

“ಗಾಡೀಲೇ ಹೋಗೋಣ ಹಾಗಾದ್ರೆ.”

“ಈ ಕೆಮ್ಮು ಕೇಳಿಸಿದ್ರೆ ಅವರ ಎದೆ ಅಲ್ಲೇ ಒಡೆಯುತ್ತೆ. ಒಂದು ದಿನ ಕೊಡು ನಂಗೆ.”

ಪ್ರತಿಜ್ಞೆ ಹುಟ್ಟಿದ್ದು ಹೀಗೆ. ಆದರೆ ಒಂದು ದಿನ ಸಾಲಲಿಲ್ಲ. ಮೊದಲು ಪ್ಲಗ್ಗನ್ನು ಬಿಚ್ಚಿ, ಪೂಜೆಯ ಪಾತ್ರೆಗಳೊಂದಿಗೆ ಹುಣಸೆಹಣ್ಣು ಹಚ್ಚಿ ಬೆಳಗಿದರು. ಅದು ದೇವರ ಮುಂದಿಡುವಷ್ಟು ಹೊಳೆಯಿತು, ಗಾಡಿ ಮಾತ್ರ ಕೆಮ್ಮಿತು. ಮರುದಿನ ಕಾರ್ಬೊರೇಟರಿನ ಸರದಿ. ಅಂಗಡಿಯಿಂದ ಹೊಸ ಪಂಚೆಯೊಂದನ್ನು ತಂದು ಜಗಲಿಯ ಮೇಲೆ ಹಾಸಿ, ಅದರ ಅಂಗಾಂಗಗಳನ್ನು ಬೀಗರ ಊಟಕ್ಕೆ ಎಲೆ ಹಾಕಿದಂತೆ ಸಾಲಾಗಿ ಜೋಡಿಸಿದರು. ತಿರುಗಿ ಕೂಡಿಸಿದಾಗ ಒಂದು ತಿರುಪು ಉಳಿಯಿತು. ಅದನ್ನು ಸೇರಿಸಲೆಂದು ಮತ್ತೆ ಬಿಚ್ಚಿದರೆ ಎರಡು ಉಳಿದವು. ಅಡಿಗೆಮನೆಯಲ್ಲಿ ಜಯಶೀಲಾ ಮಾತು ಬಿಟ್ಟಿದ್ದಳು. ತಟ್ಟೆ ಇಡುವ ಸದ್ದಿನಲ್ಲೇ ಎಲ್ಲ ಹೇಳುತ್ತಿದ್ದಳು.

ಕೊನೆಗೊಮ್ಮೆ ಬಾಗಿಲಿಗೆ ಬಂದು ನಿಂತಳು. “ಅಲ್ಲಿ ನಮ್ಮಪ್ಪ ಒಂದೊಂದು ಉಸಿರನ್ನೂ ಎಳೆದು ಎಳೆದು ತಗೋತಿದಾರೆ. ಇಲ್ಲಿ ನೀವು ತಿರುಪು ಎಣಿಸ್ತಾ ಕೂತಿದೀರಿ.”

ಷಡಕ್ಷರಪ್ಪನವರು ತಿರುಪುಗಳನ್ನು ಪಂಚೆಯ ಅಂಚಿಗೆ ಸರಿಸಿದರು. ಕರಿ ಮೆತ್ತಿದ ಕೈಯಿಂದ ಮುಖ ಒರೆಸಿಕೊಂಡರು. ಮುಖವೂ ಕರಿಯಾಯಿತು.

ಆಗ ಬೇಲಿಯ ಆಚೆಯಿಂದ ನೆರೆಮನೆಯ ರಂಗಪ್ಪ, ಬಸ್ಸಿನ ಕಂಡಕ್ಟರು, ಪೆಟ್ರೋಲಿನಲ್ಲಿ ಕಸವಿದ್ದೀತು, ಸೋಸಿ ನೋಡಿ ಎಂದು ಸಲಹೆ ಕೊಟ್ಟ. ಸೋಸುವುದೆಂದರೆ ಬಟ್ಟೆಯ ಕೆಲಸ! ಷಡಕ್ಷರಪ್ಪನವರ ಮುಖ ಅರಳಿತು. ಅಂಗಡಿಯ ಅತ್ಯುತ್ತಮ ಮಲ್ಮಲ್ ಬಂತು. ಮದುವೆಯ ಪಾನಕದಂತೆ ಪೆಟ್ರೋಲನ್ನು ಸೋಸಿ ಟ್ಯಾಂಕಿಗೆ ತುಂಬಿ, ಮುಚ್ಚಳವನ್ನು ಜಗಲಿಯ ಮೇಲಿಟ್ಟುಕೊಂಡೇ ಕಿಕ್ಕರ್ ತುಳಿದರು. ಗುಡುಗುಡುಗುಡು! ಒಂದು ತೊದಲಿಲ್ಲ, ಒಂದು ಸೀನಿಲ್ಲ. ಜಯಶೀಲಾ ಒಳಗಿನಿಂದ ಓಡಿ ಬಂದಳು. “ಅಪ್ಪ ಬಾಗಿಲಿಗೆ ಬಂದ ಹಾಗೇ ಇದೆ” ಎಂದು ಅಲ್ಲೇ ಕುಳಿತು ಅತ್ತಳು.

“ಮಲ್ಮಲ್ಲು ಅಂದ್ರೆ ಏನಂದ್ಕೊಂಡೆ!” ಎಂದರು ಷಡಕ್ಷರಪ್ಪನವರು. ಗಾಡಿ ನಿಲ್ಲಿಸಿ, ಮುಚ್ಚಳವನ್ನು ಬಿಗಿದು, ಕೃತಜ್ಞತೆಯಿಂದ ವಿಭೂತಿಯ ಗಟ್ಟಿಯನ್ನೇ ತೇಯ್ದು ಬಳಿದರು.

ಮರುದಿನ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟ ಸವಾರಿ ತುಂಗೆಯ ಸೇತುವೆ ದಾಟುವಷ್ಟರಲ್ಲಿ ಕೆಮ್ಮಿತು. ಮುಚ್ಚಳ ತೆರೆದು ನೋಡಿದರು. ಪೆಟ್ರೋಲು ತುಂಬಿತ್ತು. ಮುಚ್ಚಿ ತುಳಿದರೆ ಹೊರಟಿತು. ಸ್ವಲ್ಪ ದೂರಕ್ಕೆ ಮತ್ತೆ ಕೆಮ್ಮು, ಮತ್ತೆ ಇಣುಕು ನೋಟ, ಮತ್ತೆ ಪಯಣ. ಮಲವಗೊಪ್ಪಕ್ಕೆ ಬರುವಷ್ಟರಲ್ಲಿ ಅದಕ್ಕೊಂದು ಶಾಸ್ತ್ರವೇ ಸಿದ್ಧವಾಗಿತ್ತು. “ಆಗಾಗ ನಾನು ಒಳಗೆ ನೋಡಿದ್ರೆ ಅದಕ್ಕೆ ಸಮಾಧಾನ” ಎಂದು ಅವರು ವಿವರಿಸುತ್ತಿರುವಾಗ ಭದ್ರಾವತಿಯ ಬಸ್ಸು ಬಂತು. ಜಯಶೀಲಾ ಕೈ ಅಡ್ಡ ಹಿಡಿದು ಹತ್ತಿಬಿಟ್ಟಳು.

“ನೀವು ಅದನ್ನ ಸಮಾಧಾನ ಮಾಡ್ಕೊಂಡು ಬನ್ನಿ. ನಾನು ನಮ್ಮಪ್ಪನ್ನ ನೋಡ್ತೀನಿ.”

ಬಸ್ಸಿನ ಧೂಳು ಅಡಗುವವರೆಗೆ ಷಡಕ್ಷರಪ್ಪನವರು ಗಾಡಿಯ ಪಕ್ಕದಲ್ಲಿ ನಿಂತರು. ಮಾವ ಹೋಗಿಬಿಟ್ಟರೆ, ಅವರು ಕೇಳಿದ್ದ ಒಂದೇ ಒಂದು ವಸ್ತು ನಡುರಸ್ತೆಯಲ್ಲಿ ನಿಂತಿತ್ತೆಂದು ಹೆಂಡತಿ ಬದುಕಿಡೀ ನೆನೆಯುತ್ತಾಳೆ. ಬಾಯಿಬಿಟ್ಟು ಅನ್ನುವವಳಲ್ಲ, ಅದೇ ಕಷ್ಟ. ಅಲ್ಲಿಂದ ಮುಂದೆ ಅವರು ಓಡಿಸಿದ್ದೆಷ್ಟೋ, ನೂಕಿದ್ದೆಷ್ಟೋ. ಬಿಸಿಲು ಇಳಿಯುವ ಹೊತ್ತಿಗೆ ಗಾಡಿ ಮಾವನ ಮನೆಯಂಗಳ ಹೊಕ್ಕು, ಗುಡ್, ಗುಗ್ಗುಡು, ಗಕ್ ಎಂದು ಪ್ರಾಣ ಬಿಟ್ಟಿತು.

ಒಳಗಿನಿಂದ ಅದೇ ತಾಳದಲ್ಲಿ ಒಂದು ಕೆಮ್ಮು ಕೇಳಿಸಿತು. ಮಾವ ಇದ್ದರು.

ಮಗಳ ಹೆಗಲ ಮೇಲೆ ಒಂದು ಕೈ, ಅತ್ತೆ ಕಲ್ಲಮ್ಮನವರ ಹೆಗಲ ಮೇಲೆ ಒಂದು ಕೈ ಇಟ್ಟು, ಬಾಗಿಲ ಚೌಕಟ್ಟಿನಲ್ಲಿ ನಿಂತ ಷಣ್ಮುಖಪ್ಪನವರಲ್ಲಿ ಎಲುಬಿನ ಹೊರತು ಏನೂ ಉಳಿದಿರಲಿಲ್ಲ. ಇಬ್ಬರೂ ಅವರನ್ನು ನಿಧಾನವಾಗಿ ಮೆಟ್ಟಿಲಿಳಿಸಿ ಕರೆತಂದರು. ಅವರ ಕೈ ಹ್ಯಾಂಡಲ್ಲನ್ನು ಸವರಿತು, ಟ್ಯಾಂಕಿನ ಬೆನ್ನನ್ನು ಸವರಿತು, ಮುಚ್ಚಳದ ಮೇಲೆ ಬಂದು ನಿಂತಿತು.

“ಇದೇನ್ರಿ ಅಳಿಯಂದ್ರೆ, ಗಾರೆ ಮಾಡ್ಸಿದೀರಾ?”

“ವಿಭೂತಿ, ಮಾವ. ದಿನಾ ಹಚ್ತೀನಿ.”

ಮುದುಕರು ಉಗುರಿನಿಂದ ಗೀರಿದರು. ಹಪ್ಪಳದಷ್ಟು ದಪ್ಪದ ಬಿಲ್ಲೆ ಎದ್ದು ಬಂತು. ಅದರಡಿಯಲ್ಲಿ, ಮುಚ್ಚಳದ ನಡುವೆ, ಸೂಜಿ ಹೋಗುವಷ್ಟು ಸಣ್ಣ ತೂತು. ಪೆಟ್ರೋಲು ಕೆಳಗಿಳಿದಂತೆಲ್ಲ ಗಾಳಿ ಒಳಗೆ ಹೋಗಬೇಕಾದ ದಾರಿ ಅದು. ಅದು ಮುಚ್ಚಿದ್ದರಿಂದ ಪೆಟ್ರೋಲು ಇಳಿಯದೆ ಎಂಜಿನ್ನು ಬಾಯಾರಿ ಕೆಮ್ಮುತ್ತಿತ್ತು. ಮುಚ್ಚಳ ತೆರೆದಾಗಲೆಲ್ಲ ಒಂದು ಉಸಿರು ಸಿಗುತ್ತಿತ್ತು, ಅಷ್ಟೇ. ಷಣ್ಮುಖಪ್ಪನವರು ಊದಲು ನೋಡಿದರು. ಎದೆಯಲ್ಲಿ ಅಷ್ಟು ಗಾಳಿಯಿರಲಿಲ್ಲ. ಜಯಶೀಲಾ ಊದಿದಳು.

ಷಡಕ್ಷರಪ್ಪನವರು ಕಿಕ್ಕರ್ ತುಳಿದರು. ಗುಡುಗುಡುಗುಡುಗುಡು. ಕಲ್ಲಮ್ಮನವರು ಹಾಕಿದ ಕುರ್ಚಿಯಲ್ಲಿ ಕುಳಿತ ಮುದುಕರು ಕಾಣದ ಕಣ್ಣನ್ನೂ ಮುಚ್ಚಿಕೊಂಡು ಬಹಳ ಹೊತ್ತು ಕೇಳಿದರು. ಸಾಕೆಂದು ಕೈಯೆತ್ತಿದ ಮೇಲೆ, ನಿಲ್ಲಿಸಿ ನಿಲ್ಲಿಸಿ, ಉಸಿರು ಕೂಡಿಸಿಕೊಂಡು ಹೇಳಿದರು:

“ನಂಗೆ ದಮ್ಮು ಬಂದಿದ್ದು ವಯಸ್ಸಿಂದ. ಪಾಪ, ಇದಕ್ಕೆ ಬಂದಿದ್ದು ನಿಮ್ಮ ಭಕ್ತಿಯಿಂದ. ವಿಭೂತಿನೆಲ್ಲ ನಂಗೆ ಎತ್ತಿಡಿ, ಬೇಕಾಗುತ್ತೆ. ಗಾಡೀನ ಉಸಿರಾಡೋಕೆ ಬಿಡಿ.”

ಜಯಶೀಲಾ ನಕ್ಕಳು. ನಗುತ್ತಲೇ ಮುಖ ಮುಚ್ಚಿಕೊಂಡಳು.

ಷಣ್ಮುಖಪ್ಪನವರು ಆ ವರ್ಷದ ದೀಪಾವಳಿಯನ್ನು ಕಾಣಲಿಲ್ಲ. ಕ್ರಿಯಾಸಮಾಧಿಯ ದಿನ ಅಳಿಯನೇ ಗುಂಡಿಗಿಳಿದು, ಪದ್ಧತಿಯಂತೆ ದೇಹದ ಸುತ್ತ ವಿಭೂತಿ ಗಟ್ಟಿಗಳನ್ನು ಒಂದೊಂದಾಗಿ ಇಟ್ಟರು. ಮುಖದ ಬಳಿ ಬಂದಾಗ ಅವರ ಕೈ ನಿಂತಿತು. ಮೂಗಿನ ಮುಂದೆ ಒಂದಿಷ್ಟು ಜಾಗ ಹಾಗೇ ಉಳಿಯಿತು.

“ಅಲ್ಲೊಂದು ಸಂದಿ ಉಳೀತಲ್ಲಪ್ಪ, ಮುಚ್ಚಿ” ಎಂದರು ಮೇಲೆ ನಿಂತು ಮಂತ್ರ ಹೇಳುತ್ತಿದ್ದ ಅಯ್ಯನವರು.

ಷಡಕ್ಷರಪ್ಪನವರು ಕೈಯಲ್ಲಿದ್ದ ಗಟ್ಟಿಯನ್ನು ಪಕ್ಕಕ್ಕೆ ಸರಿಸಿಟ್ಟು ತಲೆ ತಗ್ಗಿಸಿದರು.

“ಇರ್ಲಿ ಬಿಡಿ ಅಯ್ಯನೋರೆ. ಒಂದ್ಸಲ ಮುಚ್ಚಿ ಬೈಸ್ಕೊಂಡಿದೀನಿ.”