ತಟ್ಟೆ ತುಂಬಿದವರು ಯಾರು?

ಪೀಣ್ಯ ಕೈಗಾರಿಕಾ ಪ್ರದೇಶ
ಅಕ್ಟೋಬರ್ ೧೯೮೪

ಮಾನ್ಯ ವಿದೇಶಿ ಯಂತ್ರ ಮಹಾಶಯರೇ,

ಮದರಾಸಿನಲ್ಲಿ ಹಡಗಿಳಿದು, ಲಾರಿಯೇರಿ, ನಮ್ಮ ಕಾರ್ಖಾನೆಗೆ ದಯಮಾಡಿಸಿ ಎಂಟು ತಿಂಗಳಾದ ತಮಗೆ ಸ್ಟೋರ್ಸ್ ಗುಮಾಸ್ತನ ಸಾಷ್ಟಾಂಗ ನಮಸ್ಕಾರಗಳು. ತಾವು ಬಂದ ದಿನ ಬೂದುಗುಂಬಳ ಒಡೆಸಿ, 'ಬಂದಿತು ಬಂಡವಾಳ, ಬಾರಿಸಿರಿ ತಾಳ' ಎಂದು ಸ್ವಾಗತಪದ್ಯ ಓದಿದವನು ನಾನೇ.

ನಮ್ಮ ಕರೆಂಟು ಒಗ್ಗದೆ ಮೂರನೆಯ ದಿನವೇ ತಾವು ಮೌನವ್ರತ ಹಿಡಿದಿರಿ. ಮೈ ಮುಟ್ಟಿದರೆ ಗ್ಯಾರಂಟಿ ರದ್ದೆಂದು ಒಪ್ಪಂದದಲ್ಲಿದ್ದುದರಿಂದ ನಾವು ಮುಟ್ಟಲಿಲ್ಲ. ತವರಿಗೆ ತಿಳಿಸಿದರೆ ಮುಂದೆ ಬರುವ ಬಂಡವಾಳ ಬೆದರಿ ಓಡೀತೆಂದು ಮ್ಯಾನೇಜರ್ ವೆಂಕಟರಮಣಪ್ಪನವರು ಬರೆಯಲೂ ಇಲ್ಲ. ತಮಗೆ ತಣ್ಣನೆಯ ಕೋಣೆ ಬಿಟ್ಟುಕೊಟ್ಟು ಹಿಂದಿನ ತಗಡಿನ ಶೆಡ್ಡು ಸೇರಿದ ಹಳೆಯ ಲೇತಿನಲ್ಲಿ, ನಾಗಸಂದ್ರದ ರಾಮಾಂಜಿನಪ್ಪನೇ ತಾವು ಮಾಡಬೇಕಿದ್ದ ಉಕ್ಕಿನ ಪಿನ್ನುಗಳನ್ನೆಲ್ಲ ಕಡೆಯುತ್ತಿದ್ದ. "ಅದುಕ್ಕೆ ಏಸಿ, ನಂಗೆ ಬಿಸ್ಲು. ಇರ್ಲಿ ಬುಡಿ ಸಾರ್, ಮನೆಗ್ ಬಂದಿರೋ ನೆಂಟ್ರು" ಎಂದು ನಗುತ್ತಿದ್ದನೇ ಹೊರತು ತಮ್ಮ ಮೇಲೆ ಹೊಟ್ಟೆಕಿಚ್ಚು ಪಟ್ಟವನಲ್ಲ.

ಕಳೆದ ವಾರ ತಮ್ಮ ತವರಿನಿಂದ, ಇಲ್ಲಿ ನೂರಕ್ಕೆ ನಲವತ್ತು ಪಾಲಿನ ಒಡೆಯರಾದ ಸಾಹೇಬರು ತಪಾಸಣೆಗೆ ಬಂದರು. ನೆಂಟರ ಮಾನ ಹೋಗಬಾರದಲ್ಲ! ಮೇನ್ ಸ್ವಿಚ್ ಕೆಳಗೆಳೆದು, ಕರೆಂಟಿಲ್ಲವೆಂದು ವಿಷಾದಿಸಿ, ತಮ್ಮ ಮುಂದಿನ ತಟ್ಟೆಯಲ್ಲಿ ರಾಮಾಂಜಿನಪ್ಪನ ಪಿನ್ನುಗಳನ್ನು ಎಣ್ಣೆ ಸವರಿ ಜೋಡಿಸಿಟ್ಟೆವು. ಜೋಡಿಸಿದವನೂ ನಾನೇ. ಸಾಹೇಬರು ಒಂದನ್ನೆತ್ತಿ ಅಳೆದು, ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದೆ ಹಿಗ್ಗಿ, ತಮ್ಮ ಬೆನ್ನು ತಟ್ಟಿ, ಅಲ್ಲೇ ತೀರ್ಮಾನಿಸಿದರು: ತಮಗೊಬ್ಬ ಸೋದರನನ್ನು ಕಳುಹಿಸುವುದು, ಹಳೆಯ ಲೇತನ್ನು ಗುಜರಿಗೂ ರಾಮಾಂಜಿನಪ್ಪನನ್ನು ಮನೆಗೂ ಅಟ್ಟುವುದು. ಸೋಮವಾರ ಅವನ ಕಡೆಯ ಪಾಳಿ. ಸುದ್ದಿ ಕೇಳಿದವನು ನನ್ನ ಮುಖ ನೋಡಿ, "ಪಿನ್ನು ಚೆನ್ನಾಗೇ ಬಂದಿತ್ತಲ್ವಾ ಸಾರ್?" ಎಂದಷ್ಟೇ ಕೇಳಿದ.

ಆದಕಾರಣ ತಮ್ಮಲ್ಲಿ ವಿನಂತಿ ಏನೆಂದರೆ, ಸೋಮವಾರದೊಳಗೆ ತಾವೇ ಬಾಯಿಬಿಟ್ಟು ಸಾಹೇಬರಿಗೆ ನಿಜ ಹೇಳಬೇಕು. ನಾವು ಹೇಳಿದರೆ ನಮ್ಮ ಕೆಲಸ ಹೋಗುತ್ತದೆ. ತಮಗೆ ಆ ಭಯವಿಲ್ಲ. ತಮ್ಮ ಮೈ ಮುಟ್ಟಿದರೆ ಗ್ಯಾರಂಟಿ ರದ್ದು.

ದಿನವೂ ತಮ್ಮ ಮುಸುಕಿನ ಧೂಳು ಕೊಡಹುವ,
ತಮ್ಮ ವಿಶ್ವಾಸಿ,
ಆವಲಪ್ಪ, ಬಿ.ಎ.

ತಾ.ಕ.: ತಮ್ಮ ಸೋದರನಿಗೂ ಸ್ವಾಗತಪದ್ಯ ಬರೆಯಲು ಅಪ್ಪಣೆಯಾಗಿದೆ, ಬರೆಯುತ್ತೇನೆ. ಬರುವಾಗ ಪಿನ್ನುಗಳನ್ನೂ ಜೊತೆಗೇ ತರಲು ಅವರಿಗೆ ತಿಳಿಸಿ. ಇನ್ನು ಇಲ್ಲಿ ತಟ್ಟೆ ತುಂಬುವವರಿಲ್ಲ.